ಕೈ ಹಾಗೇ ಇಡಿ

ಲಾಂಚ್ ಕಟ್ಟೆಯ ಟಿಕೆಟ್ ಗುಮಾಸ್ತನಿಗೆ ಹೆಬ್ಬೆರಳು ಬರೆಯಲು ಬರುತ್ತಿರಲಿಲ್ಲ.

ಉಳಿದ ನಾಲ್ಕು ಬೆರಳು ಹೇಗೋ ಹಾಳೆಯ ಮೇಲೆ ಬಂದು ನಿಲ್ಲುತ್ತಿದ್ದವು. ಹೆಬ್ಬೆರಳಿನ ಸರದಿ ಬಂತೆಂದರೆ ಪೆನ್ಸಿಲ್ಲಿಗೆ ಬುದ್ಧಿ ಕೆಡುತ್ತಿತ್ತು. ಒಮ್ಮೆ ಅದು ಶುಂಠಿಯಾಗುತ್ತಿತ್ತು, ಒಮ್ಮೆ ಬದನೆಕಾಯಿಯಾಗುತ್ತಿತ್ತು, ಇನ್ನೊಮ್ಮೆ ತಪ್ಪಿ ಯಾರದೋ ಮನೆಗೆ ಬಂದ ನೆಂಟನ ಹಾಗೆ ಅಂಗೈಯ ಪಕ್ಕದಲ್ಲಿ ಸಂಕೋಚದಿಂದ ನಿಂತಿರುತ್ತಿತ್ತು.

ತನಗೆ ಇಂಥದೊಂದು ಕೊರತೆ ಇದೆಯೆಂದು ಅವನಿಗೆ ನಲವತ್ತರವರೆಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಬಾಯಿಯ ದೆಸೆಯಿಂದ. ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ಭಾವ ಬೋರ್ಡು ಬರೆಯುವ ಪೇಂಟರ್. ಲಾಂಚ್ ಕಟ್ಟೆಯ ಶೌಚಾಲಯಕ್ಕೆ ದಾರಿ ತೋರಿಸುವ ಒಂದು ಕೈಯನ್ನು ಭಾವ ಆಗಷ್ಟೇ ಬರೆದು ಮುಗಿಸಿದ್ದ. ಊಟಕ್ಕೆ ಕೂತಾಗ ಗುಮಾಸ್ತ ಸುಮ್ಮನಿರಲಾರದೆ ಹೇಳಿದ:

"ಭಾವ, ಆ ಕೈ ದಾರಿ ತೋರಿಸೋ ಹಾಗಿಲ್ಲ, ಬೈಯೋ ಹಾಗಿದೆ. ಅವಸರದಲ್ಲಿ ಬಂದವನೂ ಅದನ್ನ ನೋಡಿ ಏನೋ ತಪ್ಪು ಮಾಡಿದೆ ಅಂತ ವಾಪಸ್ ಹೋಗ್ತಾನೆ."

ಭಾವ ಲೋಟ ಕೆಳಗಿಟ್ಟ. ಎದ್ದು ಹೋಗಿ ಪೆನ್ಸಿಲ್ ಮತ್ತು ಹಳೆಯ ಕ್ಯಾಲೆಂಡರಿನ ಹಾಳೆ ತಂದು ತಟ್ಟೆಯ ಪಕ್ಕ ಇಟ್ಟ.

"ಬರಿ."

ಗುಮಾಸ್ತ ಬರೆದ. ಭಾವ ಹಾಳೆಯನ್ನು ನೆಟ್ಟಗೆ ನೋಡಿದ, ಅಡ್ಡ ನೋಡಿದ, ಅಕ್ಕನಿಗೂ ತೋರಿಸಿದ.

"ಇದು ಏನು?"

"ಕೈ."

"ಯಾರದು?"

"ಮನುಷ್ಯರದು."

"ಪಾಪ. ಡಾಕ್ಟರ್‌ಗೆ ತೋರಿಸಿದಾರಾ?" ಎಂದಳು ಅಕ್ಕ.

ಹಾಗೆಂದು ಭಾವ ಕೆಟ್ಟವನಲ್ಲ. ನಕ್ಕು ಮುಗಿದ ಮೇಲೆ ಮೈದುನನಿಗೆ ವಿದ್ಯೆ ಹೇಳಿಕೊಟ್ಟ. ವಾರ್ನಿಶ್ ಒಣಗುವ ಹೊತ್ತು ನೋಡಲು ಇಟ್ಟುಕೊಂಡಿದ್ದ ಚಾವಿ ಗಡಿಯಾರವನ್ನು ಕೊಟ್ಟು, "ದಿನಾ ಬರಿ. ಒಂದು ಕೈಗೆ ಎರಡೇ ನಿಮಿಷ. ಟ್ರಿಣ್ ಅಂದ ತಕ್ಷಣ ಪೆನ್ಸಿಲ್ ಕೆಳಗೆ. ರಬ್ಬರ್ ಮುಟ್ಟಿದ್ರೆ ನನ್ನ ಮನೆಯಲ್ಲಿ ಅನ್ನ ಇಲ್ಲ" ಎಂದ.

"ಎರಡೇ ನಿಮಿಷ ಯಾಕೆ ಭಾವ? ಸಾವಕಾಶವಾಗಿ ನೋಡಿದ್ರೆ ಚೆನ್ನಾಗಿ ಬರಲ್ವಾ?"

"ಎರಡು ನಿಮಿಷ ನೋಡಿದ್ರೆ ಕೈ ಕಾಣುತ್ತೆ. ಜಾಸ್ತಿ ನೋಡಿದ್ರೆ ಕೈ ಮಾಯ ಆಗುತ್ತೆ, ಕೈ ಯಾರದು ಅನ್ನೋ ಯೋಚನೆ ಶುರುವಾಗುತ್ತೆ. ಆಮೇಲೆ ನೀನು ಚಿತ್ರಕ್ಕೂ ಇಲ್ಲ, ಕೆಲಸಕ್ಕೂ ಇಲ್ಲ."

ಗುಮಾಸ್ತ ಈ ಮಾತನ್ನು ಎಷ್ಟು ಗಂಭೀರವಾಗಿ ಕೇಳಿದನೆಂದರೆ, ಅದರಲ್ಲಿ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ.

ಕೈಗಳಿಗೆ ಅವನಿಗೆ ಬರವಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಹಿಂದೆಂದೋ ಟಿಕೆಟ್ ಕಿಟಕಿಯ ಗಾಜಿಗೆ ಹಸಿರು ಬಣ್ಣ ಬಳಿದಿದ್ದರು. ಕೆಳಗೆ ಅರ್ಧ ಚಂದ್ರದಂತೆ ಒಂದು ಕಿಂಡಿ ಮಾತ್ರ ಉಳಿದಿತ್ತು. ಆ ಕಿಂಡಿಯಲ್ಲಿ ಕೈ ಬರುತ್ತಿತ್ತು, ಚಿಲ್ಲರೆ ಇಡುತ್ತಿತ್ತು, ಟಿಕೆಟ್ ಎತ್ತಿಕೊಂಡು ಹೋಗುತ್ತಿತ್ತು. ಲಾಂಚ್ ಹೋಗುವುದು ಒಂದೇ ಜಾಗಕ್ಕೆ, ಆಚೆ ದಡಕ್ಕೆ. ಎಲ್ಲಿಗೆ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಹೀಗಾಗಿ ಇಡೀ ಊರು ಗುಮಾಸ್ತನಿಗೆ ಮೊಣಕೈವರೆಗೆ ಚೆನ್ನಾಗಿ ಪರಿಚಯ. ಮೊಣಕೈಯಿಂದ ಮೇಲೆ ಯಾರೆಂದು ಗೊತ್ತಿಲ್ಲ. ದಾರಿಯಲ್ಲಿ ಜನ ಸಿಕ್ಕರೆ ಅವನು ಮೊದಲು ಅವರ ಕೈ ನೋಡುತ್ತಿದ್ದ, ಗುರುತು ಹತ್ತಿದರೆ ಮಾತ್ರ ನಗುತ್ತಿದ್ದ.

ಟಿಕೆಟ್ ಸುರುಳಿಯ ಹಾಳಾದ ಕಾಗದದ ಮೇಲೆ ಅವನ ಅಭ್ಯಾಸ ಶುರುವಾಯಿತು. ದಪ್ಪ ಕೈ, ಗಂಟು ಕೈ, ಬಣ್ಣ ಹತ್ತಿದ ಕೈ, ಉಂಗುರ ಸಿಕ್ಕಿಕೊಂಡ ಕೈ. ಎಲ್ಲವೂ ಹೆಬ್ಬೆರಳಿನಲ್ಲಿ ಬಂದು ಕೆಡುತ್ತಿದ್ದವು.

ಒಂದು ಕೈ ಮಾತ್ರ ಕೆಡಲಿಲ್ಲ. ಅದು ಬೆಳಗಿನ ಮೊದಲನೇ ಲಾಂಚಿಗೆ ಬರುತ್ತಿತ್ತು. ಹೆಂಗಸಿನ ಕೈ. ಬಳೆಯಿಲ್ಲ, ಉಂಗುರವಿಲ್ಲ. ಅಂಗೈ ಕೆಳಗಾಗಿ ಬಂದು ಚಿಲ್ಲರೆಯ ಮೇಲೆ ಒಂದು ಕ್ಷಣ ಮಲಗುತ್ತಿತ್ತು. ಹೆಬ್ಬೆರಳು ಒಳಕ್ಕೆ ಮಡಚಿ ಬೆರಳುಗಳ ಅಡಿಯಲ್ಲಿ ಅಡಗಿರುತ್ತಿತ್ತು, ನಿದ್ದೆ ಮಾಡುವ ಎಳೆಮಗುವಿನ ಮುಷ್ಟಿಯಲ್ಲಿರುವ ಹಾಗೆ. ಕಾಣುತ್ತಿದ್ದದ್ದು ನಾಲ್ಕೇ ಬೆರಳು. ಲಾಂಚ್ ಹೋದ ಮೇಲೆ ಗುಮಾಸ್ತ ಅದನ್ನು ನೆನಪಿನಿಂದ ಬರೆದ. ಟ್ರಿಣ್ ಅನ್ನುವಷ್ಟರಲ್ಲಿ ಕೈ ಮುಗಿದಿತ್ತು. ಶುಂಠಿಯಿಲ್ಲ, ಬದನೆಕಾಯಿಯಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಬರೆದ ಕೈ ಕೈಯಂತೆಯೇ ಇತ್ತು.

ಮರುದಿನವೂ ಅದನ್ನೇ ಬರೆದ. ಅದರ ಮರುದಿನವೂ. ಬರೆಯುತ್ತ ಬರೆಯುತ್ತ ಒಂದು ಯೋಚನೆ ಗಂಟುಬಿತ್ತು: ಆ ಮಡಚಿದ ಹೆಬ್ಬೆರಳು ಹೇಗಿರಬಹುದು? ಗಂಡಸರು ಹೆಣ್ಣಿನ ಕಣ್ಣಿಗೆ, ನಡಿಗೆಗೆ, ನಗುವಿಗೆ ಮರುಳಾದದ್ದನ್ನು ಲೋಕ ಕೇಳಿದೆ. ಕಾಣದ ಹೆಬ್ಬೆರಳಿಗಾಗಿ ಅನ್ನ ಬಿಟ್ಟವನು ಇವನೊಬ್ಬನೇ ಇರಬೇಕು.

ಆ ಕೈಗೆ ಇನ್ನೂ ಸ್ವಲ್ಪ ಹೊತ್ತು ಇರು ಎಂದು ಹೇಳಬೇಕು, ಆದರೆ ಹೇಳಲು ಧೈರ್ಯ ಬೇಕು. ಧೈರ್ಯವನ್ನೂ ಅಭ್ಯಾಸದಿಂದಲೇ ಕಲಿಯೋಣವೆಂದು ಅವನು ಮೊದಲು ಬೇರೆ ಕೈಗಳ ಮೇಲೆ ಪ್ರಯೋಗ ಮಾಡಿದ. ಒಂದು ಮಧ್ಯಾಹ್ನ, ಜನ ಕಡಿಮೆ ಇದ್ದಾಗ, ಕಿಂಡಿಯಲ್ಲಿ ಬಂದ ಮುದಿ ಕೈಗೆ ಹೇಳಿಯೇ ಬಿಟ್ಟ:

"ಕೈ ಹಾಗೇ ಇಡಿ."

ಅದು ನಿವೃತ್ತ ಮೇಷ್ಟ್ರ ಕೈ. ಮೇಷ್ಟ್ರು ಸರ್ಕಾರಿ ಕಿಂಡಿಯಿಂದ ಬಂದ ಮಾತನ್ನು ಎಂದೂ ಮೀರಿದವರಲ್ಲ. ಕೈ ಇಟ್ಟರು, ಅಲುಗಾಡಲಿಲ್ಲ. ಒಳಗೆ ಟಿಕ್ ಟಿಕ್ ಎಂದು ಏನೋ ಓಡಿತು. ಆಮೇಲೆ "ಟ್ರಿಣ್" ಎಂದಿತು. ಟಿಕೆಟ್ ಹೊರಗೆ ಬಂತು.

"ಏನು ಸಾರ್ ಅದು?" ಎಂದ ಹಿಂದೆ ನಿಂತಿದ್ದ ಕ್ಷೌರಿಕ.

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆದರೆ ಮೂವತ್ತೈದು ವರ್ಷ ಪಾಠ ಹೇಳಿದವರು ಗೊತ್ತಿಲ್ಲ ಎನ್ನುವುದುಂಟೇ?

"ಕೈ ತಪಾಸಣೆ. ಹೊಸ ನಿಯಮ. ಒಳಗೆ ಯಂತ್ರ ಇಟ್ಟಿದಾರೆ. ನನ್ನದು ಪಾಸಾಯ್ತು."

ಅಷ್ಟೇ ಸಾಕಾಯಿತು. ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಊರು ಅದು. ಮರುದಿನ ಜನ ಕೈ ತೊಳೆದುಕೊಂಡು ಬಂದರು. ಅದರ ಮರುದಿನ ಉಗುರು ಕತ್ತರಿಸಿಕೊಂಡು ಬಂದರು. ಕ್ಷೌರಿಕ ತನ್ನ ಕುರ್ಚಿಯನ್ನು ಲಾಂಚ್ ಕಟ್ಟೆಗೇ ತಂದು ಹಾಕಿ, "ತಪಾಸಣೆಗೆ ಮುಂಚೆ ಇಲ್ಲಿ ಬನ್ನಿ" ಎಂದು ಕೂಗತೊಡಗಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡ ಒಬ್ಬ, ಡಾಕ್ಟರ ಚೀಟಿ ಬೇಕೋ ಬೇಡವೋ ಎಂದು ಕಿಂಡಿಯೊಳಗೆ ಬಾಯಿಟ್ಟು ಕೇಳಿದ. ಕೈ ನಡುಗುವ ಒಬ್ಬ ಮುದುಕ ಮನೆಯ ಜಗಲಿಯ ಮೇಲೆ ದಿನಾ ಬೆಳಿಗ್ಗೆ ಕೈ ಚಾಚಿ ಕೂತು ಅಭ್ಯಾಸ ಮಾಡುತ್ತಿದ್ದಾನೆಂದು ಸುದ್ದಿ ಬಂತು.

ಗುಮಾಸ್ತ ಎಲ್ಲರ ಕೈ ನೋಡುತ್ತಿರಲಿಲ್ಲ. ಒಂದು ಲಾಂಚಿಗೆ ಒಂದೋ ಎರಡೋ. ನೋಡದೆ ಬಿಟ್ಟವರು ಜಗಳಕ್ಕೆ ನಿಂತರು.

"ನನ್ನ ಕೈಗೆ ಏನಾಗಿದೆ? ಅವನ ಕೈ ನೋಡಿದ್ರಿ, ನನ್ನದು ಯಾಕೆ ನೋಡಲ್ಲ?"

"ಟಿಕೆಟ್ ಕೊಟ್ಟಿದೀನಲ್ಲಮ್ಮ."

"ಟಿಕೆಟ್ ಯಾರಿಗೆ ಬೇಕು? ಟ್ರಿಣ್ ಅನ್ನಿಸಿ!"

ಮೊದಲನೇ ಲಾಂಚಿನ ಆ ಕೈಗೆ ಮಾತ್ರ "ಹಾಗೇ ಇಡಿ" ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಇಡೀ ಊರಿಗೆ ಹೇಳಿದ್ದೇ ಅದೊಂದು ಕೈಗೆ ಹೇಳುವುದಕ್ಕಾಗಿ. ಅದು ಬಂದಾಗ ಅವನು ಬಾಯಿ ತೆರೆಯುವ ಬದಲು ಟಿಕೆಟ್ ಹರಿದು ಮುಂದೆ ತಳ್ಳಿಬಿಡುತ್ತಿದ್ದ. ಕೈ ಬರುತ್ತಿತ್ತು, ಒಂದು ಕ್ಷಣ ಮಲಗುತ್ತಿತ್ತು, ಹೋಗುತ್ತಿತ್ತು. ಗಡಿಯಾರಕ್ಕೆ ಚಾವಿ ಕೊಟ್ಟದ್ದು ಹಾಗೇ ಇರುತ್ತಿತ್ತು.

ಸೂಪರ್‌ವೈಸರಿಗೆ ದೂರು ಬಂತು. ತಪಾಸಣೆ ಯಾಕೆ ಮಾಡುತ್ತೀರಿ ಎಂದಲ್ಲ. ಎರಡನೇ ಕೌಂಟರಿನವನು ತಪಾಸಣೆ ಮಾಡದೆ ಯಾರಿಗೆ ಬೇಕಾದರೂ ಟಿಕೆಟ್ ಕೊಡುತ್ತಿದ್ದಾನೆ ಎಂದು. ಮೇಷ್ಟ್ರೇ ಖುದ್ದಾಗಿ ಬಂದಿದ್ದರು.

"ನಿಯಮ ಅಂದ್ಮೇಲೆ ಎರಡೂ ಕೌಂಟರಿಗೂ ಒಂದೇ ಅಲ್ವಾ? ನಿನ್ನೆ ಅಲ್ಲಿ ಒಬ್ಬ ಎಣ್ಣೆ ಕೈಯಲ್ಲೇ ಟಿಕೆಟ್ ತಗೊಂಡು ಹೋದ. ನನ್ನ ಕಣ್ಣಾರೆ ನೋಡಿದೆ."

ಸೂಪರ್‌ವೈಸರಿಗೆ ಅಂಥ ನಿಯಮವೊಂದು ಇರುವುದೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಬಂದ ಸುತ್ತೋಲೆಯನ್ನು ಓದಿಲ್ಲ ಎಂದಾಗುತ್ತದೆ. ನಿಜಕ್ಕೂ ಆತ ಯಾವ ಸುತ್ತೋಲೆಯನ್ನೂ ಓದುತ್ತಿರಲಿಲ್ಲವಾದ್ದರಿಂದ ಹೆದರಿಕೆ ದುಪ್ಪಟ್ಟಾಯಿತು. ಕಪಾಟು ತೆಗೆದು ಎರಡು ಗಂಟೆ ಹುಡುಕಿದ. ಸಿಗಲಿಲ್ಲ. ಸಿಗದಿದ್ದದ್ದರಿಂದ ಅದು ಖಂಡಿತ ಬಂದಿದೆ, ತಾನೇ ಎಲ್ಲೋ ಕಳೆದಿದ್ದೇನೆ ಎಂಬ ತೀರ್ಮಾನಕ್ಕೆ ಬಂದು, ಎರಡನೇ ಕೌಂಟರಿನವನನ್ನು ಕರೆಸಿ ಚೆನ್ನಾಗಿ ಬೈದ.

"ಒಂದನೇ ಕೌಂಟರ್ ನೋಡಿ ಕಲಿ! ಯಾರೂ ಹೇಳದೆ ನಿಯಮ ಪಾಲಿಸ್ತಿದಾನೆ!"

ಎರಡನೇ ಕೌಂಟರಿನವನು ಮನೆಯಿಂದ ಒಂದು ಅಲಾರಂ ತಂದ.

ಈ ನಡುವೆ ಮನೆಯಲ್ಲಿ ಗುಟ್ಟು ರಟ್ಟಾಯಿತು. ಅಕ್ಕ ತಮ್ಮನ ಅಂಗಿ ಒಗೆಯಲು ತೆಗೆದಾಗ ಜೇಬಿನಿಂದ ಟಿಕೆಟ್ ಸುರುಳಿಯ ಕಾಗದಗಳು ಉದುರಿದವು. ಒಂದರ ಮೇಲೂ ಹೆಬ್ಬೆರಳಿಲ್ಲ. ಎಲ್ಲವೂ ಒಂದೇ ಕೈ. ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾರೋ ಇವಳು?"

"ಗೊತ್ತಿಲ್ಲ ಅಕ್ಕ."

"ಹೆಸರು?"

"ಗೊತ್ತಿಲ್ಲ."

"ನೋಡೋಕೆ ಹೇಗಿದಾಳೆ?"

"ನೋಡಿಲ್ಲ. ಕೈ ಮಾತ್ರ."

ಅಕ್ಕ ತಲೆ ಚಚ್ಚಿಕೊಂಡಳು. "ನಾನು ತಂದ ಸಂಬಂಧ ಎಲ್ಲಾ ತಲೆ ತಗ್ಗಿಸಿ ನೆಲ ನೋಡ್ಕೊಂಡು ಕೆಡಿಸಿದೆ. ಈಗ ನಾಲ್ಕು ಬೆರಳು ನೋಡಿ ಕೂತಿದೀಯಾ? ಅವಳಿಗೆ ಮದುವೆ ಆಗಿದ್ರೆ?"

"ಬಳೆ ಇಲ್ಲ, ಉಂಗುರ ಇಲ್ಲ."

"ಎಪ್ಪತ್ತು ವರ್ಷ ಆಗಿದ್ರೆ?"

"ಕೈಗೆ ಆಗಿಲ್ಲ."

"ಬಿಡೇ," ಎಂದ ಭಾವ ಮೂಲೆಯಲ್ಲಿ ಬ್ರಷ್ ತೊಳೆಯುತ್ತ. "ಮುಖ ನೋಡಿ ಕಟ್ಕೊಂಡೋರು ಏನು ಭಾರಿ ಸುಖವಾಗಿದಾರೆ? ಎಲೋ, ಎರಡು ನಿಮಿಷ ಅಂತ ಹೇಳಿದ್ನಲ್ಲ ನಾನು? ಜಾಸ್ತಿ ನೋಡಿದೆ ನೀನು."

ಅಕ್ಕ ಬಿಡುವವಳಲ್ಲ. "ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ? ನಾಳೆ ನಾನೇ ಬಂದು ಕ್ಯೂ ಪಕ್ಕ ನಿಲ್ತೀನಿ. ಆ ಕೈ ಬಂದ ತಕ್ಷಣ ಒಳಗಿಂದ ಏನಾದ್ರೂ ಸನ್ನೆ ಮಾಡು. ಮುಖ, ಮನೆ, ಮನೆತನ ಎಲ್ಲಾ ನಾನು ವಿಚಾರಿಸ್ಕೊಂಡು ಬರ್ತೀನಿ."

"ಏನು ಸನ್ನೆ? ಗಾಜಿಗೆ ಬಣ್ಣ ಇದೆ."

"ಅದೇನೋ ಗಂಟೆ ಹಗ್ಗ ಇದೆಯಲ್ಲ ನಿನ್ನ ಹತ್ರ. ಮೆತ್ತಗೆ ಒಂದು ಸಲ ಎಳಿ."

ಹಗ್ಗ ಇದ್ದದ್ದು ನಿಜ. ಅದು ಲಾಂಚ್ ಹೊರಡುವ ಗಂಟೆಯ ಹಗ್ಗ. ಇದನ್ನು ಅಕ್ಕ ಯೋಚಿಸಲಿಲ್ಲ, ತಮ್ಮನಂತೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

ಬೆಳಿಗ್ಗೆ ಅಕ್ಕ ಒಳ್ಳೆಯ ಸೀರೆಯುಟ್ಟು, ಹೊಸ ಚಪ್ಪಲಿ ಹಾಕಿಕೊಂಡು ಬಂದು ನಿಂತಳು. ಕೈಗಳು ಬಂದವು, ಹೋದವು. ಕೊನೆಗೆ ಆ ಕೈ ಬಂತು. ನಾಲ್ಕು ಬೆರಳು ಚಿಲ್ಲರೆಯ ಮೇಲೆ ಮಲಗಿದವು. ಗುಮಾಸ್ತ ಹಗ್ಗ ಹಿಡಿದ. ಮೆತ್ತಗೆ ಎಳೆಯಬೇಕೆಂದೇ ಇದ್ದ. ಆದರೆ ತಿಂಗಳುಗಟ್ಟಲೆ ಗಂಟಲಿನಲ್ಲಿ ಸಿಕ್ಕಿಕೊಂಡದ್ದೆಲ್ಲ ತೋಳಿಗೆ ಇಳಿದಿತ್ತು. ಗಂಟೆ ಬಡಿಯಿತು, ಬಡಿಯಿತು, ಬಡಿಯುತ್ತಲೇ ಇತ್ತು.

"ಹೊರಟಿತು! ಹೊರಟಿತು!" ಎಂದು ಕಟ್ಟೆಗೆ ಕಟ್ಟೆಯೇ ಎದ್ದು ಓಡಿತು. ಚಾಲಕ ಬಾಯಲ್ಲಿದ್ದ ತಿಂಡಿ ನುಂಗದೆ ಎಂಜಿನ್ ಹಾಕಿದ. ಟಿಕೆಟ್ ಇದ್ದವರು, ಇಲ್ಲದವರು, ಬೀಳ್ಕೊಡಲು ಬಂದವರು, ಅರ್ಧ ಉಗುರು ಕತ್ತರಿಸಿಕೊಂಡವರು, ಎಲ್ಲರೂ ಲಾಂಚಿಗೆ ಹತ್ತುವ ಹಲಗೆಯ ಮೇಲೆ ನುಗ್ಗಿದರು. ಆ ನೂಕಿನಲ್ಲಿ ಅಕ್ಕನೂ ತೇಲಿಹೋದಳು. ಒಂದು ಚಪ್ಪಲಿ ನೀರಿಗೆ ಬಿತ್ತು.

ಅಕ್ಕ ಆಚೆ ದಡ ನೋಡಿಕೊಂಡು ಮಧ್ಯಾಹ್ನದ ಲಾಂಚಿನಲ್ಲಿ ಕುಂಟುತ್ತ ವಾಪಸಾದಳು. ಉಳಿದ ಚಪ್ಪಲಿಯನ್ನು ಮೂಲೆಗೆ ಎಸೆದಳು. ಆಮೇಲೆ ಗುಮಾಸ್ತನೇ ಮೆಲ್ಲಗೆ ಕೇಳಿದ.

"ನೋಡಿದೆಯಾ ಅಕ್ಕ?"

"ನೋಡಿದೆ."

"ಹೇಗಿದಾಳೆ?"

"ಬೆನ್ನು ನೋಡಿದೆ. ಎಲ್ಲರಿಗಿಂತ ಮುಂದೆ ಓಡ್ತಿದ್ಲು." ಅಕ್ಕ ಸೆರಗು ಸರಿಮಾಡಿಕೊಂಡಳು. "ಬೆನ್ನು ಚೆನ್ನಾಗಿತ್ತು ಕಣೋ."

ಆ ಒಂದು ಮಾತಿನ ಮೇಲೆ ಗುಮಾಸ್ತ ಒಂದು ವಾರ ಉಸಿರಾಡಿದ. ಈಗ ಅವನ ಬಳಿ ನಾಲ್ಕು ಬೆರಳೂ ಒಂದು ಬೆನ್ನೂ ಇದ್ದವು. ಜನ ಇದಕ್ಕಿಂತ ಕಡಿಮೆ ಬಂಡವಾಳದಲ್ಲಿ ಸಂಸಾರ ಮಾಡಿದ್ದಾರೆ. ಮುಂದಿನ ಸೋಮವಾರ "ಕೈ ಹಾಗೇ ಇಡಿ" ಎಂದು ಹೇಳಿಯೇ ಬಿಡುವುದೆಂದು ನಿಶ್ಚಯಿಸಿದ. ಸ್ನಾನದ ಮನೆಯಲ್ಲಿ ಹೇಳಿ ನೋಡಿದ. ಚೆನ್ನಾಗಿ ಬಂತು.

ಶನಿವಾರ ದೊಡ್ಡ ಸಾಹೇಬರು ಬಂದರು. ಗಂಟೆಯ ವಿಷಯ ವಿಚಾರಣೆಗೆ ಬಂದವರು, ಕಟ್ಟೆಯ ಮೇಲೆ ಕಂಡ ದೃಶ್ಯಕ್ಕೆ ಬೆರಗಾಗಿ ನಿಂತರು. ಜನ ಎರಡು ಸಾಲಿನಲ್ಲಿ ಶುಭ್ರವಾದ ಕೈ ಮುಂದೆ ಚಾಚಿಕೊಂಡು, ಮಾತಿಲ್ಲದೆ, ಒಬ್ಬರ ಹಿಂದೆ ಒಬ್ಬರು ನಿಂತಿದ್ದರು.

"ಇದು ಯಾವ ಆದೇಶದ ಪ್ರಕಾರ?" ಎಂದು ಸಾಹೇಬರು ಕೇಳಿದರು.

ಸೂಪರ್‌ವೈಸರ್ ಬೆವರಿದ. "ತಮ್ಮದೇ ಆದೇಶ ಸರ್."

ಸಾಹೇಬರಿಗೆ ನೆನಪಾಗಲಿಲ್ಲ. ಸಾಹೇಬರಾದವರು ನೆನಪಾಗಲಿಲ್ಲ ಎನ್ನುವುದೂ ಉಂಟೇ? "ಹೌದು, ಹೌದು. ಆದರೆ ಪಾಲನೆ ಅರ್ಧಂಬರ್ಧ ಆಗಿದೆ. ಈ ಬಣ್ಣ ಕೆರೆಸಿ, ಗಾಜು ಸ್ವಚ್ಛ ಇರಬೇಕು. ಕೈ ಎಲ್ಲೆಲ್ಲೋ ಇಡ್ತಾರೆ, ಕಿಂಡಿಯಲ್ಲಿ ಒಂದು ಹಲಗೆ ಹಾಕಿ, ಅದರ ಮೇಲೆ ಕೈಯ ಗುರುತು ಬರೆಸಿ. ಐದು ಬೆರಳೂ ಬಿಡಿಬಿಡಿಯಾಗಿ ಕಾಣ್ಬೇಕು. ಸೋಮವಾರದಿಂದ ಜಾರಿ."

ಐದು ಬೆರಳೂ ಎಂಬ ಮಾತು ಗುಮಾಸ್ತನಿಗೂ ಕೇಳಿಸಿತು. ಸಾಹೇಬರ ಜೀಪು ಹೋದ ಕೂಡಲೇ ಸೂಪರ್‌ವೈಸರ್ ಮುಂದೆ ನಿಂತು ಎಲ್ಲವನ್ನೂ ಹೇಳಿದ.

"ಸರ್, ನಿಯಮಾನೇ ಇಲ್ಲ. ನಾನು ಚಿತ್ರ ಬರೀತಿದ್ದೆ. ನನಗೆ ಹೆಬ್ಬೆರಳು ಬರಲ್ಲ ಸರ್."

ಸೂಪರ್‌ವೈಸರ್ ಬಾಗಿಲು ಹಾಕಿ ಬಂದ.

"ಊರಿಗೆ ಊರೇ ಕೈ ಚಾಚಿಕೊಂಡು ನಿಂತಿದ್ದು ನಿನ್ನ ಹೆಬ್ಬೆರಳಿಗೋಸ್ಕರ ಅಂತ ನಾನು ಸಾಹೇಬರಿಗೆ ಹೇಳ್ಬೇಕಾ?"

"ನಿಜ ಅದೇ ಸರ್."

"ನಿಜ ನಿನ್ನ ಹತ್ರಾನೇ ಇಟ್ಕೋ. ಇದು ಆಫೀಸು. ಗಂಟೆ ವಿಷಯ ಮುಚ್ಚಿ ಹೋಗಿದೆ, ಅದನ್ನೂ ತೆಗೀಬೇಕಾ? ನಡಿ, ನಿಮ್ಮ ಭಾವನಿಗೆ ಹೇಳು, ಹಲಗೆ ಬರೀಬೇಕು ಅಂತ."

ಭಾನುವಾರ ಮನೆಯ ಜಗಲಿಯಲ್ಲಿ ಭಾವ ಹಲಗೆ ಹಾಸಿಕೊಂಡು ಕೂತ. ಕೆಲಸ ಸಿಕ್ಕ ಖುಷಿಯಲ್ಲಿ ಹಾಡು ಗುನುಗುತ್ತಿದ್ದ.

"ಬಾರೋ ಇಲ್ಲಿ. ಒಂದು ಕೈ ಬೇಕು ಅಳತೆಗೆ. ನಿನ್ನದೇ ಇಡು."

"ಭಾವ, ಹೆಬ್ಬೆರಳು ಮಡಚಿ ಬರೆದ್ರೆ ಆಗಲ್ವಾ?"

"ಐದು ಬೆರಳು ಅಂತ ಆರ್ಡರ್ ಇದೆ. ನಾಲ್ಕು ಬರೆದ್ರೆ ಮುಕ್ಕಾಲು ದುಡ್ಡು ಕೊಡ್ತಾರೆ. ಅಗಲಿಸು. ಹಾಂ, ಕೈ ಹಾಗೇ ಇಡು."

ಭಾವ ಪೆನ್ಸಿಲನ್ನು ಅವನ ಬೆರಳುಗಳ ಸುತ್ತ ಓಡಿಸಿದ. ಎರಡು ನಿಮಿಷ ಹಿಡಿಯಲಿಲ್ಲ. ಆಮೇಲೆ ಬಿಳಿ ಬಣ್ಣ ತುಂಬಿ, ಮೇಲೆ ದಪ್ಪ ಅಕ್ಷರದಲ್ಲಿ "ಕೈ ಹಾಗೇ ಇಡಿ" ಎಂದು ಬರೆದ. ಗುಮಾಸ್ತ ಸ್ನಾನದ ಮನೆಯಲ್ಲಿ ಕಲಿತಿದ್ದ ಮಾತನ್ನು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಸೋಮವಾರ ಮೊದಲನೇ ಲಾಂಚಿಗೆ ಗಾಜು ನೀರಿನಂತೆ ಹೊಳೆಯುತ್ತಿತ್ತು. ಅದರಾಚೆ ಸಾಲುಸಾಲು ಮುಖಗಳು. ಗುಮಾಸ್ತನಿಗೆ ಒಂದೂ ಪರಿಚಯವಿರಲಿಲ್ಲ. ಅವನು ತಲೆ ತಗ್ಗಿಸಿ ಹಲಗೆ ನೋಡಿದ. ಕೈ ಬಂತು, ಐದು ಬೆರಳೂ ಅಗಲಿಸಿ ಬಿಳಿ ಗುರುತಿನ ಮೇಲೆ ಕೂತಿತು, ಹೋಯಿತು. ಇನ್ನೊಂದು ಬಂತು. ಹೆಂಗಸರ ಕೈಗಳು ಬಂದವು, ಬಳೆಯಿಲ್ಲದವು, ಉಂಗುರವಿಲ್ಲದವು, ಒಂದರ ಹಿಂದೆ ಒಂದು, ಎಲ್ಲವಕ್ಕೂ ಹೆಬ್ಬೆರಳಿತ್ತು. ಅವನು ದಿನಾ ಬರೆದ ಕೈ ಅವುಗಳಲ್ಲಿ ಒಂದಿರಲೇಬೇಕು. ಯಾವುದು? ಅವನಿಗೆ ಆ ಕೈಯ ಬಗ್ಗೆ ಗೊತ್ತಿದ್ದದ್ದು ಅದು ಏನನ್ನು ಮುಚ್ಚಿಟ್ಟಿತ್ತು ಎಂಬುದಷ್ಟೇ. ಅದನ್ನು ಅವನೇ ಬಿಚ್ಚಿಸಿದ್ದ.

ಒಂದು ವಾರ ತಾಳಿದ. ಆಮೇಲೆ ಒಂದು ಬೆಳಿಗ್ಗೆ ಗಾಜಿಗೆ ಬಾಯಿ ಹತ್ತಿರ ತಂದು, ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ:

"ದಯವಿಟ್ಟು ಹೆಬ್ಬೆರಳು ಒಳಗೆ ಮಡಚಿ."

ಒಂದು ಕೈಯಾದರೂ ಅಭ್ಯಾಸಬಲದಿಂದ, ಸಲೀಸಾಗಿ, ನಿದ್ದೆಯ ಮಗುವಿನಂತೆ ಮಡಚಿಕೊಳ್ಳುತ್ತದೆ, ಕಂಡುಹಿಡಿಯುತ್ತೇನೆ ಎಂದು ಅವನ ಲೆಕ್ಕ.

"ತಿದ್ದುಪಡಿ ಬಂದಿದೆ!" ಎಂದರು ಸಾಲಿನಲ್ಲಿದ್ದ ಮೇಷ್ಟ್ರು, ಹಿಂದೆ ತಿರುಗಿ. "ಹೆಬ್ಬೆರಳು ಮಡಚಬೇಕಂತೆ. ಎಲ್ಲರೂ ಮಡಚಿ!"

ಕಟ್ಟೆಯ ಮೇಲಿದ್ದ ಅಷ್ಟೂ ಜನ ಒಟ್ಟಿಗೆ ಹೆಬ್ಬೆರಳು ಮಡಚಿದರು. ಹಲಗೆಯ ಮೇಲೆ ಬಂದ ಕೈಗಳಿಗೆಲ್ಲ ನಾಲ್ಕೇ ಬೆರಳು. ಜೇಬಿನಿಂದ ಹಳೆಯ ಚಿತ್ರ ತೆಗೆದು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ. ಎಲ್ಲವೂ ಅದೇ ಕೈಯಂತೆ ಕಂಡವು. ಕ್ಷೌರಿಕನ ಕೈಯೂ.

ಮರುದಿನ ಅವನೇ ತಿದ್ದುಪಡಿಯನ್ನು ವಾಪಸ್ ತೆಗೆದುಕೊಂಡ, ಹೆಬ್ಬೆರಳುಗಳು ಹಲಗೆಗೆ ಮರಳಿದವು. ಆಮೇಲೆ ಅವನು ಹುಡುಕಲಿಲ್ಲ. ದಿನವಿಡೀ ಹೆಬ್ಬೆರಳುಗಳನ್ನೇ ನೋಡಿ ನೋಡಿ ಅದೊಂದು ವಿದ್ಯೆ ಕೈಗೆ ಹತ್ತಿತು. ಈಗ ಒಂದು ನಿಮಿಷದೊಳಗೆ, ಉಗುರು ಗಂಟು ಸಮೇತ, ಯಾರ ಹೆಬ್ಬೆರಳನ್ನು ಬೇಕಾದರೂ ಬರೆಯುತ್ತಾನೆ. ಶೌಚಾಲಯದ ಬೋರ್ಡನ್ನು ಭಾವ ಅವನಿಂದಲೇ ತಿದ್ದಿಸಿದ. ಆ ಕೈ ಈಗ ಬೈಯುವುದಿಲ್ಲ, ಕರೆಯುತ್ತದೆ ಎಂದು ಜನ ಹೇಳುತ್ತಾರೆ. ಮೊದಲನೇ ಲಾಂಚಿನ ಕೈಯೂ ಊರಿನ ಇತರ ಕೈಗಳ ಜೊತೆ ದಿನಾ ಬೆಳಿಗ್ಗೆ ಬಂದು, ಗುಮಾಸ್ತನ ಕೈಯ ಗುರುತಿನೊಳಗೆ ಒಂದು ಕ್ಷಣ ಕೂತು, ಟಿಕೆಟ್ ತೆಗೆದುಕೊಂಡು ಆಚೆ ದಡಕ್ಕೆ ಹೋಗುತ್ತಿರಬೇಕು.

ಒಟ್ಟಿನಲ್ಲಿ ನಷ್ಟ ದೊಡ್ಡದೇನಲ್ಲ. ಗಾಜಿನ ಹಸಿರು ಬಣ್ಣ, ಅಕ್ಕನ ಒಂದು ಚಪ್ಪಲಿ, ನಾಲ್ಕು ಬೆರಳು.